ಕೆನಡಾದಲ್ಲಿ ಎರಡು ಅಡಿ

ನಯಾಗರ ಜಲಪಾತ ಹೇಗಿದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀರು ಬೀಳುತ್ತದೆ. ತುಂಬಾ ಬೀಳುತ್ತದೆ. ಹೋದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡಿದ್ದೇನೆ. ಆ ಫೋಟೊದಲ್ಲಿ ನನ್ನ ಬಾಯಿ ಬಾವಿಯ ಹಾಗೆ ತೆರೆದಿದೆ. ನೋಡಿದವರು ನಾನು ಆಶ್ಚರ್ಯಪಟ್ಟು ಬಾಯಿ ಬಿಟ್ಟಿದ್ದೇನೆ ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಆದರೆ ಆ ಬಾಯಿ ಯಾಕೆ ತೆರೆಯಿತು, ತೆರೆದದ್ದಕ್ಕೆ ಏನೇನಾಯಿತು ಎಂದು ಹೇಳದಿದ್ದರೆ ನಾನು ಕೆನಡಾಕ್ಕೆ ಹೋಗಿಬಂದದ್ದನ್ನು ಹೇಳಿದ ಹಾಗೆ ಆಗುವುದಿಲ್ಲ.

ಲಷ್ಕರ್ ಮೊಹಲ್ಲಾ

ನಾನು ಪತ್ರ ಬರಹಗಾರ. ಪ್ರೇಮಪತ್ರವಲ್ಲ, ಕ್ರಯಪತ್ರ. ಮೈಸೂರಿನಲ್ಲಿ ನೋಂದಣಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಮೂವತ್ತೆಂಟು ವರ್ಷ ಜನರ ಮನೆ, ಸೈಟು, ಹೊಲಗಳನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟಿದ್ದೇನೆ. ಶಿವಲಿಂಗಪ್ಪ ಎಂದರೆ ಯಾರಿಗೂ ತಿಳಿಯದು, 'ಪತ್ರದ ಶಿವಲಿಂಗಪ್ಪ' ಎಂದರೆ ಆಟೋದವನು ಮನೆ ಬಾಗಿಲಿಗೇ ತಂದು ಬಿಡುತ್ತಾನೆ. ನನ್ನ ಕೈಯಲ್ಲಿ ಪತ್ರ ಬರೆಸುವುದೆಂದರೆ ಸುಮ್ಮನೆ ಅಲ್ಲ. ಮೂಲಪತ್ರ ಎಲ್ಲಿ, ಋಣಭಾರ ತೋರಿಸುವ ಇ.ಸಿ. ತೆಗೆಸಿದ್ದೀರಾ, ಖಾತೆ ಯಾರ ಹೆಸರಲ್ಲಿದೆ, ಮಾರುವವನಿಗೆ ಅಕ್ಕತಂಗಿಯರು ಎಷ್ಟು ಜನ, ಎಲ್ಲರೂ ಸಹಿ ಹಾಕುತ್ತಾರಾ ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದೆ. ಕೊನೆಯಲ್ಲಿ ಚೆಕ್ಕುಬಂದಿ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಗಲ್ಲಿ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ನಾಲ್ಕು ದಿಕ್ಕನ್ನೂ ಬರೆದು ಮುಗಿಸಿದರೆ ಆ ಸ್ವತ್ತು ಎಲ್ಲಿಗೂ ಓಡಿಹೋಗುವ ಹಾಗಿಲ್ಲ.

ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ನನ್ನ ಮುತ್ತಿನಂಥ ಅಕ್ಷರ ಯಾರಿಗೂ ಬೇಡವಾಯಿತು. ಮೇಜನ್ನು ಮನೆಗೆ ತಂದು ಅದರ ಮೇಲೆ ಟೀವಿ ಇಟ್ಟೆ.

ಅದೇ ಹೊತ್ತಿಗೆ ಅಕ್ಕನ ಮಗಳು ಮಂಗಳಾ ಫೋನು ಮಾಡಿದಳು. ಅವಳು ಕೆನಡಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆ ಬೇಡವೆಂದಳು, ಬಿಟ್ಟೆವು. ಮನೆ ಬೇಕೆಂದಳು, ಅದನ್ನು ಅವಳು ಬಿಡಲಿಲ್ಲ. ಅದಕ್ಕೆ ಕಾರಣವಿದೆ. ನಮ್ಮಕ್ಕ ಗೌರಮ್ಮ ಗಂಡ ತೀರಿಕೊಂಡಾಗಿನಿಂದ ಬಾಡಿಗೆ ಮನೆಯಲ್ಲಿದ್ದಾಳೆ. ಈಗ ಹೂಟಗಳ್ಳಿಯಲ್ಲಿ, ಅದು ಐದನೆಯ ಮನೆ. ಪ್ರತಿ ಸಲವೂ ಮನೆ ಮಾಲೀಕರಿಗೆ ಮಗನ ಮದುವೆ ಬರುತ್ತದೆ, ಅಕ್ಕ ಪಾತ್ರೆಪಡಗ ಕಟ್ಟುತ್ತಾಳೆ. ಮಂಗಳಾ ಬೆಳೆದದ್ದೇ ಹಾಗೆ ಕಟ್ಟಿದ ಗಂಟುಗಳ ಮೇಲೆ ಕೂತು. 'ಖಾಲಿ ಮಾಡಿ' ಅಂತ ಯಾರೂ ಹೇಳಲಾಗದ ಒಂದು ಮನೆ ತನ್ನ ಹೆಸರಲ್ಲಿ ಇರಬೇಕು, ಅಮ್ಮ ಬಂದು ಅಲ್ಲಿ ಇರಬೇಕು ಎನ್ನುವುದೇ ಅವಳ ಹಟ.

"ಅದು ಕಂಡ್ಕಂಡಿದ್ದಕ್ಕೆಲ್ಲಾ ಸಹಿ ಹಾಕ್ಬುಡ್ತದೆ ಕಣೋ. ನೀನೊಂದ್ಸಲ ಹೋಗಿ ಪತ್ರ ನೋಡ್ಕಂಡು ಬಾ. ನೀನು ನೋಡಿದ್ರೆ ನನ್ಗೆ ನಿದ್ದೆ ಬತ್ತದೆ" ಎಂದಳು ಅಕ್ಕ. ಟಿಕೆಟ್ಟು ಮಂಗಳಾ ಕಳಿಸಿದಳು. ಅಕ್ಕ ಕೋಡುಬಳೆ ಕಟ್ಟಿಕೊಟ್ಟಳು. ನಾನು ಐವತ್ತಡಿಯ ನನ್ನ ಹಳೆಯ ಟೇಪನ್ನು, ತೊಗಲಿನ ಡಬ್ಬಿಯದು, ಪೆಟ್ಟಿಗೆಗೆ ಹಾಕಿಕೊಂಡೆ.

ಅಂದ ಹಾಗೆ ನಾನಿರುವುದು ಲಷ್ಕರ್ ಮೊಹಲ್ಲಾದಲ್ಲಿ, ನಮ್ಮಪ್ಪ ಕಟ್ಟಿಸಿದ ಮನೆಯಲ್ಲಿ. ಆ ಮನೆಯ ಪತ್ರದ ವಿಷಯ ಈಗ ಬೇಡ.

ವಿಮಾನ ನಿಲ್ದಾಣ

ನನ್ನ ಇಂಗ್ಲಿಷು ಪೂರ್ತಿ ಕ್ರಯಪತ್ರಗಳಿಂದ ಕಲಿತದ್ದು. ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಲು ನನಗೆ ಬರುವುದಿಲ್ಲ. ಆದರೆ 'ಸದರಿ ಸ್ವತ್ತಿನ ಮೇಲೆ ಯಾವುದೇ ಋಣಭಾರ, ವ್ಯಾಜ್ಯ, ತಕರಾರು ಇರುವುದಿಲ್ಲ' ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಇಳಿದ ಕೂಡಲೇ ಒಬ್ಬ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. "ದಸ್ತಾವೇಜುಗಳನ್ನು ಪರಿಶೀಲಿಸಲು" ಎಂದೆ. ಅವನು ಪೆನ್ನು ಕೆಳಗಿಟ್ಟ. ಯಾರ ದಸ್ತಾವೇಜು ಎಂದ. "ನನ್ನ ಸೋದರಿಯ ಪುತ್ರಿಯೂ, ಇನ್ನು ಮುಂದೆ ಖರೀದಿದಾರಳೆಂದು ಕರೆಯಲ್ಪಡುವವಳೂ ಆದ ಮಂಗಳಾಳದು" ಎಂದೆ. ಅವನು ಇನ್ನೊಬ್ಬನನ್ನು ಕರೆದ.

ಇನ್ನೊಬ್ಬ ಬಂದು ಪೆಟ್ಟಿಗೆ ಬಿಚ್ಚಿದ. ಕೋಡುಬಳೆಯನ್ನು ಬಿಟ್ಟ, ಟೇಪನ್ನು ಎಳೆದು ನೋಡಿ ಬಿಟ್ಟ, ವಿಭೂತಿ ಗಟ್ಟಿಯನ್ನು ಮಾತ್ರ ಬಿಡಲಿಲ್ಲ. ಬಿಳಿ, ಗಟ್ಟಿ, ಉಜ್ಜಿದರೆ ಪುಡಿ. ಮೂಸಿದ, ಕೆರೆದ, ಕನ್ನಡಕ ತೆಗೆದು ಮತ್ತೆ ಕೆರೆದ. ನಾನು ನನ್ನ ಹಣೆ ತೋರಿಸಿದೆ. ಅವನು ವಿಭೂತಿ ನೋಡಿದ, ಹಣೆ ನೋಡಿದ, ಎರಡೂ ತಾಳೆಯಾಯಿತು. ನಮ್ಮ ಕಚೇರಿಯಲ್ಲಿ ಹೆಬ್ಬೆಟ್ಟಿನ ಗುರುತನ್ನು ತಾಳೆ ನೋಡುವುದೂ ಹೀಗೆಯೇ.

ಮೂರನೆಯ ದಿನ: ಕಾಂಪೌಂಡಿಲ್ಲದ ಬೀದಿ

ಮಂಗಳಾ ಕೊಳ್ಳಲಿದ್ದ ಮನೆಯ ಬೀದಿಗೆ ಹೋದಾಗ ನನ್ನ ಎದೆ ಧಸಕ್ಕೆಂದಿತು. ಒಂದು ಮನೆಗೂ ಕಾಂಪೌಂಡಿಲ್ಲ! ಇವರ ಹುಲ್ಲು ಎಲ್ಲಿ ಮುಗಿಯಿತು, ಅವರ ಹುಲ್ಲು ಎಲ್ಲಿ ಶುರುವಾಯಿತು, ಶಿವನಿಗೇ ಗೊತ್ತು.

ನಮ್ಮಲ್ಲಿ ಮನೆ ಕಟ್ಟುವುದು ಆಮೇಲೆ, ಮೊದಲು ಕಾಂಪೌಂಡು. ದಟ್ಟಗಳ್ಳಿಯ ಹೊಸ ಬಡಾವಣೆಗಳಿಗೆ ಹೋಗಿ ನೋಡಿ. ಬರೀ ಪಾರ್ಥೇನಿಯಂ ಬೆಳೆದ ಸೈಟಿನ ನಡುವೆ ಒಂದು ಬೋರ್ಡು: 'ಈ ಸೈಟು ಮಾರಾಟಕ್ಕಿಲ್ಲ.' ಮಾರುವುದಿಲ್ಲ ಅಂತ ಬೋರ್ಡು ಹಾಕುವ ಜನ ಪ್ರಪಂಚದಲ್ಲಿ ಬೇರೆ ಎಲ್ಲೂ ಇರಲಾರರು. ಹಾಕದಿದ್ದರೆ ಮಾಲೀಕನಿಗೆ ತಿಳಿಸದೆಯೇ ಯಾರಾದರೂ ಮಾರಿಬಿಡುತ್ತಾರೆ, ಅದಕ್ಕೆ.

"ಬೇಲಿ ಇಲ್ದೆ ಇವರಿಗೆ ನಿದ್ದೆ ಹೆಂಗೆ ಬರ್ತದಮ್ಮ?" ಎಂದು ಕೇಳಿದೆ.

"ಇಲ್ಲಿ ಯಾರೂ ಒತ್ತುವರಿ ಮಾಡಲ್ಲ ಮಾವ. ಮಾಡಿದ್ರೂ ಇನ್ಶೂರೆನ್ಸ್ ಇರ್ತದೆ."

"ಮನೆಗೆ ಬೆಂಕಿ ಬಿದ್ರೆ ಇನ್ಶೂರೆನ್ಸ್ ಸರಿ. ಒತ್ತುವರಿಗೂ ಇನ್ಶೂರೆನ್ಸಾ?"

"ಹೂಂ. ಪತ್ರಕ್ಕೇ ಇನ್ಶೂರೆನ್ಸ್" ಎಂದಳು ಮಂಗಳಾ. ನಾನು ನಕ್ಕೆ. ಪತ್ರಕ್ಕೆ ವಿಮೆ ಎಂದರೆ ಇಲಿ ತಿಂದರೆ ದುಡ್ಡು ಕೊಡುತ್ತಾರೇನೋ ಅಂದುಕೊಂಡೆ.

ಅಂದು ಸಂಜೆಯೇ ಮನೆಯ ವಿಮೆಯವರು ಫೋನು ಮಾಡಿದರು, ಅದು ಬೇರೆ ವಿಮೆ. ಬೆಂಕಿಗೆ, ಕಳ್ಳತನಕ್ಕೆ, ಚಳಿಗೆ ಪೈಪು ಒಡೆದರೆ, ಅಷ್ಟು ಸರಿ. ಮನೆ ಮುಂದೆ ಯಾರೋ ಜಾರಿ ಬಿದ್ದರೆ ಅವರ ಆಸ್ಪತ್ರೆ ಖರ್ಚಿಗೂ ವಿಮೆಯಂತೆ! ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮನೆ ಮುಂದೆ ಯಾರಾದರೂ ಜಾರಿ ಬಿದ್ದರೆ "ಕಣ್ ಕಾಣಲ್ವೇನಯ್ಯಾ?" ಎಂದು ಬಿದ್ದವನನ್ನೇ ಬೈಯುತ್ತೇವೆ. ಇವರು ಕೇಳಿದ ಪ್ರಶ್ನೆಗಳಿಗೆಲ್ಲ ಮಂಗಳಾ ಉತ್ತರ ಕೊಟ್ಟು ಮುಗಿಸುವ ಹೊತ್ತಿಗೆ, ಬಾಗಿಲಿಗೆ ಒಂದು ಬೂದುಗುಂಬಳಕಾಯಿ ಕಟ್ಟಿದರೆ ಇಷ್ಟು ಮಾತೇ ಬೇಕಿರಲಿಲ್ಲ ಎಂದೆ. ಬೂದುಗುಂಬಳ ಈ ಊರಲ್ಲಿ ಸಿಗುವುದಿಲ್ಲವಂತೆ.

ಐದನೆಯ ದಿನ: ವಕೀಲರ ಕಚೇರಿ

ವಕೀಲೆ ಐವತ್ತರ ಆಸುಪಾಸಿನ ಹೆಂಗಸು, ಹೆಸರು ಮಾರ್ಗರೆಟ್. ನಗುಮುಖ. ಮೇಜಿನ ಮೇಲೆ ಕಾಗದವೇ ಇಲ್ಲ. ನನಗೆ ಆಗಲೇ ಅನುಮಾನ ಬಂತು. ಕಾಗದವಿಲ್ಲದ ವಕೀಲರೂ ಸೌಟಿಲ್ಲದ ಅಡುಗೆಯವರೂ ಒಂದೇ.

"ಮೂಲಪತ್ರ ತೋರಿಸಿ" ಎಂದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ಸಾಲು, ಒಂದು ನಂಬರು. ಇದೇ ಮೂಲವಂತೆ. "ಸರ್ವೆ ನಕ್ಷೆ?" ಎಂದೆ. ಹಳೆಯದು ಕಳೆದುಹೋಗಿದೆ, ಹೊಸದು ಬೇಕಿಲ್ಲ, ಹಕ್ಕಿನ ವಿಮೆ ಇದೆಯಲ್ಲ ಎಂದರು. ಮಾರುವವನು ನಗರದಲ್ಲಿರುತ್ತಾನೆ, ಅಪ್ಪನ ಮನೆಯನ್ನು ಮಾರುತ್ತಿದ್ದಾನೆ ಎಂದೂ ಹೇಳಿದರು. ಅಷ್ಟು ಕೇಳಿದ್ದೇ ತಡ, ನನ್ನ ಬಾಯಿಗೆ ಮೂವತ್ತೆಂಟು ವರ್ಷದ ಅಭ್ಯಾಸ ಬಂತು.

"ಅಪ್ಪನ ಮನೆ ಅಂದ್ರೆ, ಇವನಿಗೆ ಅಕ್ಕತಂಗಿಯರು ಇದ್ದಾರಾ? ಅವರ ಪಾಲು? ಅವರಿಂದ ಸಹಿ ಹಾಕಿಸಿದ್ದೀರಾ?"

ಅದನ್ನು ಮಂಗಳಾ ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಅವಳು ಮೊದಲು ನನ್ನನ್ನೇ ನೋಡಿದಳು. ಆಮೇಲೆ ತಿರುಗಿಸಿದಳು. ನನ್ನ ಪ್ರಶ್ನೆ ಅಷ್ಟು ಚೆನ್ನಾಗಿತ್ತೆಂದು ನಾನು ಬೀಗಿದೆ.

ಒಬ್ಬಳು ತಂಗಿ ಇದ್ದಾಳೆ, ಸಹಿ ಹಾಕಿದ್ದಾಳೆ ಎಂದರು ವಕೀಲೆ. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ನನಗೆ ಹಕ್ಕಿನ ವಿಮೆಯನ್ನು, ಅಂದರೆ ಮಂಗಳಾ ಹೇಳಿದ್ದ ಪತ್ರದ ಇನ್ಶೂರೆನ್ಸನ್ನು, ಬಿಡಿಸಿ ಹೇಳಿದರು. ಮನೆ ಕೊಂಡ ಮೇಲೆ ಯಾವನೋ ಬಂದು ಇದರಲ್ಲಿ ನನಗೂ ಪಾಲುಂಟು ಅಂದರೆ, ಹಿಂದಿನ ಪತ್ರದಲ್ಲಿ ಸಹಿ ಸುಳ್ಳಾಗಿದ್ದರೆ, ಗೋಡೆ ಪಕ್ಕದವರ ಜಾಗದಲ್ಲಿದ್ದರೆ, ವಿಮೆಯವರೇ ಕೋರ್ಟಿಗೆ ಹೋಗಿ ಹೊಡೆದಾಡುತ್ತಾರೆ, ನಷ್ಟವಾದರೆ ತುಂಬಿಕೊಡುತ್ತಾರೆ. ಒಂದೇ ಷರತ್ತು. ಕೊಳ್ಳುವವಳಿಗೆ ಮೊದಲೇ ಗೊತ್ತಿದ್ದ ದೋಷವನ್ನು ಹೇಳದೆ ಮುಚ್ಚಿಟ್ಟಿದ್ದರೆ ವಿಮೆ ಇಲ್ಲ.

ನಾನು ಬೆರಗಾಗಿ ಕೂತೆ. ನಮ್ಮ ಕಸುಬೆಲ್ಲ ಕೆದಕಿ ಕೆದಕಿ ತಿಳಿದುಕೊಳ್ಳುವುದು. ಇಲ್ಲಿ ತಿಳಿಯದೇ ಇರುವವರಿಗೇ ರಕ್ಷಣೆ! ಅರಿಯದವರಿಗೆ ಆಪತ್ತಿಲ್ಲ ಎಂದರೆ, ನನ್ನಂಥವನನ್ನು ವಿಮಾನ ಹತ್ತಿಸಿ ಕರೆಸಿದ್ದು ದುಡ್ಡು ಕೊಟ್ಟು ದೆವ್ವ ತಂದ ಹಾಗೆ ಆಗಲಿಲ್ಲವೇ?

ಶುಕ್ರವಾರಕ್ಕೆ ಸಹಿ ಎಂದು ಗೊತ್ತಾಯಿತು. ಮಂಗಳಾಳ ಬಾಡಿಗೆ ಮನೆಯ ಕರಾರೂ ಅದೇ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅವಳ ಗಂಟುಮೂಟೆ ಆಗಲೇ ಸಾಲಾಗಿ ಗೋಡೆಗೆ ಒರಗಿ ಕೂತಿದ್ದವು.

ಆರನೆಯ ದಿನ: ಗೂಟ

ಸಹಿಗೆ ಮೊದಲು ಇನ್ನೊಂದು ಸಲ ಮನೆ ನೋಡಲು ಬಿಡುವುದು ಅಲ್ಲಿಯ ಪದ್ಧತಿ. ಮಂಗಳಾ ಒಳಗೆ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ನಾನು ಮಂಕಿ ಕ್ಯಾಪು ಎಳೆದುಕೊಂಡು, ಮಫ್ಲರ್ ಸುತ್ತಿಕೊಂಡು, ಟೇಪು ಹಿಡಿದು ಹಿತ್ತಿಲಿಗೆ ಇಳಿದೆ. ಯಾರೂ ಕಳಿಸಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೇ.

ಗಡಿಕಲ್ಲು ಹುಡುಕಿದೆ. ಎಲೆ ಉದುರುವ ಕಾಲ, ನೆಲವೆಲ್ಲ ಕೆಂಪು ಹಳದಿ ಎಲೆ. ಅದನ್ನು ಕಾಲಿನಿಂದ ಸರಿಸುತ್ತ ಹೋದರೆ ಪಶ್ಚಿಮದ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಗೂಟ ಕಾಲಿಗೆ ತಗುಲಿತು. ಇವರ ಗಡಿಕಲ್ಲು ಇದೇ! ನನಗಾದ ಸಂತೋಷ ನಯಾಗರ ನೋಡಿದಾಗಲೂ ಆಗಲಿಲ್ಲ. ಟೇಪಿನ ತುದಿಯನ್ನು ಗೂಟಕ್ಕೆ ಸಿಕ್ಕಿಸಿ ಪೂರ್ವಕ್ಕೆ ಎಳೆದುಕೊಂಡು ಹೋದೆ. ಕಂಪ್ಯೂಟರಿನ ನಾಲ್ಕು ಸಾಲಿನಲ್ಲಿ ಅಗಲ ಐವತ್ತು ಅಡಿ ಎಂದಿತ್ತು. ಟೇಪೂ ಐವತ್ತೇ ಅಡಿ. ಟೇಪು ಮುಗಿಯಿತು, ಗ್ಯಾರೇಜು ಮುಗಿಯಲಿಲ್ಲ. ಟೇಪು ಮುಗಿದ ಮೇಲೂ ಗ್ಯಾರೇಜು ಇನ್ನೂ ಎರಡು ಅಡಿ ಇತ್ತು.

ಮೂರು ಸಲ ಅಳೆದೆ. ಮೂರು ಸಲವೂ ಎರಡು ಅಡಿ. ಪೂರ್ವದ ಮನೆಯ ಕಿಟಕಿಯಿಂದ ಬಿಳಿ ಕೂದಲಿನ ಮುದುಕಿಯೊಬ್ಬಳು ನನ್ನನ್ನು ನೋಡುತ್ತಿದ್ದಳು. ನಾನು ಕೈಮುಗಿದೆ. ಅವಳೂ ಕೈಯಾಡಿಸಿದಳು.

ಮಂಗಳಾ ಹೊರಗೆ ಬಂದು, "ಏನ್ ಮಾವ, ಎಲ್ಲಾ ಸರೀಗಿದ್ಯಾ?" ಎಂದಳು.

ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ವಕೀಲೆಯ ಷರತ್ತು ನೆನಪಾಯಿತು. ಹೇಳಿದರೆ ಇವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ವಿಮೆಯವರಿಗೆ ಹೇಳಬೇಕು. ಹೇಳಿದರೆ ಅವರು ಎಳೆದಾಡುತ್ತಾರೆ, ಶುಕ್ರವಾರ ಕಳೆಯುತ್ತದೆ, ಮನೆ ಕೈತಪ್ಪುತ್ತದೆ, ಹುಡುಗಿ ಗಂಟುಮೂಟೆ ಸಮೇತ ಬೀದಿಗೆ ಬೀಳುತ್ತಾಳೆ. ಹೇಳದಿದ್ದರೆ ಅವಳಿಗೆ ಗೊತ್ತೇ ಇಲ್ಲ, ಪೂರಾ ರಕ್ಷಣೆ.

"ಎಲ್ಲಾ ಸರೀಗದೆ ಕಣಮ್ಮ" ಎಂದೆ. ಮೂವತ್ತೆಂಟು ವರ್ಷದಲ್ಲಿ ಒಂದು ಸ್ವತ್ತಿನ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು. ಹೇಳಿದ ಮೊದಲ ಸುಳ್ಳು ಎಂದೆ, ಮುಚ್ಚಿಟ್ಟ ಮೊದಲ ನಿಜ ಎನ್ನಲಿಲ್ಲ. ಗಮನಿಸಿ.

ಒಂಬತ್ತನೆಯ ದಿನ: ಜಲಪಾತ

ಮೂರು ದಿನ ಆ ಎರಡಡಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಊಟ ಸೇರಲಿಲ್ಲ. ಹೊತ್ತು ಹೋಗದೆ ಮಂಗಳಾಳ ಮಂಚ ಅಳೆದೆ, ಮೇಜು ಅಳೆದೆ, ಬೀದಿಯ ಅಗಲ ಅಳೆಯಲು ಹೋದಾಗ ಎರಡೂ ಕಡೆ ಕಾರುಗಳು ನಿಂತುಕೊಂಡವು. ಯಾರೂ ಹಾರ್ನ್ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಳೆದು ಮುಗಿಯುವ ತನಕ ಕಾದು, ಹೋಗುವಾಗ ಥ್ಯಾಂಕ್ಸ್ ಹೇಳಿ ಹೋದರು. ಇಂಥ ಜನರಿಗೆ ಕಾಂಪೌಂಡು ಬೇಕಾಗಿಲ್ಲ ಬಿಡಿ.

ಮಾವನಿಗೆ ಊರು ನೆನಪಾಗಿರಬೇಕೆಂದು ಮಂಗಳಾ ಒಂದು ದಿನ ರಜೆ ಹಾಕಿ ನಯಾಗರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎಲ್ಲರಿಗೂ ನೀಲಿ ಪ್ಲಾಸ್ಟಿಕ್ ಅಂಗಿ ಹಾಕಿ ದೋಣಿ ಹತ್ತಿಸುತ್ತಾರೆ. ದೋಣಿ ನೀರು ಬೀಳುವ ಬುಡಕ್ಕೇ ಹೋಗುತ್ತದೆ. ಅಬ್ಬರ ಎಂದರೆ ಅಬ್ಬರ, ನನ್ನ ಉಸಿರು ನನಗೇ ಕೇಳುತ್ತಿರಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು. ಇಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ? ಹೊಟ್ಟೆಯೊಳಗಿನದು ಹೊರಗೆ ಹೋಗಲಿ ಎಂದು ಬಾಯಿ ಅಗಲಿಸಿ ಮತ್ತೆ ಮತ್ತೆ ಕೂಗಿದೆ.

"ಎರಡಡೀ! ಗ್ಯಾರೇಜು ಎರಡಡೀ ಒತ್ತುವರಿ ಆಗಿದೇ!"

ನಾನು ಕೂಗಲು ಶುರು ಮಾಡಿದಾಗ ದೋಣಿ ಬುಡದಲ್ಲಿತ್ತು. ಮುಗಿಸುವ ಹೊತ್ತಿಗೆ ಅದು ತಿರುಗಿಕೊಂಡು ಗದ್ದಲದಿಂದ ಹೊರಗೆ ಬಂದಿತ್ತು. ಮಂಗಳಾ ಕ್ಯಾಮೆರಾ ಹಿಡಿದು ಫೋಟೊ ತೆಗೆಯುತ್ತಿದ್ದಳು. ಅವಳು ಕ್ಯಾಮೆರಾ ಇಳಿಸಿದಳು.

"ಏನಂದ್ರಿ ಮಾವ?"

"ನೀರು ಎಷ್ಟ್ ಚೆನ್ನಾಗದೆ ಅಂದೆ."

"ಮಾವ."

ಮೇಲೆ ಬಂದು ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಅಲ್ಲಿಯ ಕಾಫಿ ಬಕೆಟ್ಟಿನಷ್ಟು ಇರುತ್ತದೆ, ರುಚಿ ಫಿಲ್ಟರು ತೊಳೆದ ನೀರಿನದು. ಎಲ್ಲವನ್ನೂ ಹೇಳಿದೆ. ಗೂಟ, ಟೇಪು, ಷರತ್ತು, ಅವಳಿಗೆ ಗೊತ್ತಾಗದೆ ಇರಲೆಂದು ನಾನು ಬಾಯಿಗೆ ಬೀಗ ಹಾಕಿಕೊಂಡದ್ದು.

"ನಿನ್ ಒಳ್ಳೇದಕ್ಕೇ ಸುಮ್ನಿದ್ದೆ ಕಣಮ್ಮ. ಈಗ ನಾನೇ ಹಾಳ್ ಮಾಡ್ಬುಟ್ಟೆ" ಎಂದೆ.

ಅವಳು ಕಾಫಿ ಲೋಟವನ್ನು ತಿರುಗಿಸುತ್ತಿದ್ದಳು. "ಗೊತ್ತಿದ್ದೂ ಸುಮ್ನಿರೋದು ನಿಮ್ಗೆ ಹೊಸದಾ ಮಾವ?"

"ಅಂದ್ರೆ?"

"ಅವತ್ತು ವಕೀಲ್ರ ಹತ್ರ ಕೇಳಿದ್ರಲ್ಲ, ಅಪ್ಪನ ಮನೆ ಅಂದ್ರೆ ಅಕ್ಕತಂಗೀರ ಪಾಲೆಲ್ಲಿ ಅಂತ. ನಾನದನ್ನ ಇಂಗ್ಲಿಷ್‌ಗೆ ಹೇಳೋಕ್ ಮುಂಚೆ ನಿಮ್ ಮುಖಾನೇ ನೋಡ್ತಿದ್ದೆ. ತಾತನ ಮನೇಲಿ ನಮ್ಮಮ್ಮನ ಪಾಲು ಯಾವ್ ಪತ್ರದಲ್ಲಿ ಅದೆ ಮಾವ?"

ಓದುಗರಿಗೆ ಮೊದಲು ಬೇಡ ಎಂದಿದ್ದ ವಿಷಯ ಇದೇ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳು ನಾವಿಬ್ಬರೇ. ಕಾನೂನಿನಲ್ಲಿ ಅರ್ಧ ನನ್ನದು, ಅರ್ಧ ಅಕ್ಕನದು. ಊರಿನವರಿಗೆಲ್ಲ ವಿಭಾಗಪತ್ರ ಬರೆದುಕೊಟ್ಟ ನಾನು ಅದೊಂದನ್ನು ಬರೆಯಲಿಲ್ಲ. 'ಆಮೇಲೆ ನೋಡಿದ್ರಾಯ್ತು ಬುಡಕ್ಕ' ಎಂದೆ. ಅಕ್ಕ 'ಹೂಂ' ಎಂದಳು. ಆ ಆಮೇಲೆ ಇಪ್ಪತ್ತೆರಡು ವರ್ಷ ನಡೆಯಿತು. ಅಷ್ಟರಲ್ಲಿ ಅವಳು ಐದು ಬಾಡಿಗೆ ಮನೆ ಕಂಡಳು. ಪ್ರತಿ ಸಲವೂ ಗಾಡಿ ತಂದು ಸಾಮಾನು ಸಾಗಿಸಿಕೊಟ್ಟವನು ನಾನೇ. ಅದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದೆ.

ನನಗೆ ನಾಚಿಕೆಯಾಯಿತು. ಬೇರೆ ಮಾತು ಹುಡುಕುವುದಿಲ್ಲ, ನಾಚಿಕೆಯೇ. ಎದುರಿಗಿದ್ದದ್ದು ನಾನು ಎತ್ತಿ ಆಡಿಸಿದ ಮಗು, ಅವಳ ಮುಖ ನೋಡಲಾಗದೆ ಜಲಪಾತವನ್ನು ನೋಡಿದೆ. ನೀರು ಬೀಳುತ್ತಲೇ ಇತ್ತು.

"ನಾಳೆ ಬೆಳಿಗ್ಗೆ ವಕೀಲ್ರಿಗೆ ಹೇಳೋಣ" ಎಂದಳು ಮಂಗಳಾ. "ಮನೆ ಹೋದ್ರೆ ಹೋಗ್ಲಿ. ಮುಚ್ಚಿಟ್ಟು ತಗೊಂಡ್ರೆ ಆ ಮನೇಲಿ ನನ್ಗೆ ನಿದ್ದೆ ಬರಲ್ಲ."

ಹತ್ತನೆಯ ದಿನ: ಪೂರ್ವಕ್ಕೆ ಡೋರಿಸಮ್ಮನ ಮನೆ

ವಕೀಲೆ ಫೋನಿನಲ್ಲಿ ಎಲ್ಲ ಕೇಳಿ ನಿಟ್ಟುಸಿರುಬಿಟ್ಟರು. ಪಕ್ಕದವರು ಗ್ಯಾರೇಜು ಹಾಗೇ ಇರಲಿ ಎಂದು ಬರೆದುಕೊಟ್ಟರೆ ಶುಕ್ರವಾರ ಉಳಿಯುತ್ತದೆ, ಕೊಡದಿದ್ದರೆ ತಾನು ಏನೂ ಹೇಳಲಾರೆ ಎಂದರು. ಮಂಗಳಾ ಆಸ್ಪತ್ರೆಗೆ ಹೋಗುವ ಮೊದಲೇ ಇಬ್ಬರೂ ಆ ಬಿಳಿ ಕೂದಲಿನ ಮುದುಕಿಯ ಬಾಗಿಲು ತಟ್ಟಿದೆವು. ಖಾಲಿ ಕೈಯಲ್ಲಿ ಹೋಗಬಾರದೆಂದು ಅಕ್ಕ ಕೊಟ್ಟ ಕೋಡುಬಳೆ ಹಿಡಿದಿದ್ದೆ.

ಬಾಗಿಲು ತೆರೆದಳು. ನನಗೆ ಬಂದ ಇಂಗ್ಲಿಷಿನಲ್ಲಿ ಶುರುಮಾಡಿದೆ. "ಸದರಿ ಸ್ವತ್ತಿಗೆ ಪೂರ್ವ ದಿಕ್ಕಿನಲ್ಲಿ ಇರುವವರು ತಾವೇ ತಾನೆ?"

"ಓ, ಟೇಪಿನ ಮನುಷ್ಯ!" ಎಂದಳು ಮುದುಕಿ. ಹೆಸರು ಡೋರಿಸ್, ನನ್ನ ಬಾಯಲ್ಲಿ ಡೋರಿಸಮ್ಮ. ಒಳಗೆ ಕರೆದು ಕೂರಿಸಿದಳು. ಕೋಡುಬಳೆ ಕಡಿಯಲು ಹೋಗಿ ಹಲ್ಲಿನ ಸೆಟ್ಟು ಸ್ವಲ್ಪ ಸರಿಯಿತು, ಸರಿಮಾಡಿಕೊಂಡು ಇನ್ನೊಂದು ತೆಗೆದುಕೊಂಡಳು. ಮಂಗಳಾ ಎರಡಡಿಯ ವಿಷಯ ಹೇಳಿದಳು. ಮುದುಕಿ ನಕ್ಕೇ ನಕ್ಕಳು.

ಅವಳಿಗೆ ಗೊತ್ತಿತ್ತು. ಅವಳ ಗಂಡನೂ ಮಾರುವವನ ಅಪ್ಪನೂ ಸ್ನೇಹಿತರು, ಇಬ್ಬರೂ ಸೇರಿ ಒಂದು ಬೇಸಿಗೆಯಲ್ಲಿ ಆ ಗ್ಯಾರೇಜು ಕಟ್ಟಿದರಂತೆ. ಕಟ್ಟುವಾಗಲೇ ಅದು ಇವಳ ಜಾಗಕ್ಕೆ ಬರುತ್ತದೆಂದು ತಿಳಿದಿತ್ತು. ಕೈಕುಲುಕಿ ಮುಗಿಸಿದ್ದರು. ಈಗ ಕೈಕುಲುಕಿದ ಇಬ್ಬರೂ ಇಲ್ಲ.

"ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಯಾರೂ ಕೇಳಲಿಲ್ಲ" ಎಂದಳು. "ಕೇಳಲಿ ಅಂತ ಕಾಯುತ್ತಿದ್ದೆ."

ಆ ಮಾತು ನನಗೆ ಚುಚ್ಚಿತು. ಅವಳು ಗ್ಯಾರೇಜಿನ ಬಗ್ಗೆ ಹೇಳುತ್ತಿದ್ದಳು, ನನಗೆ ಹೂಟಗಳ್ಳಿಯ ಮನೆಯ ಬಾಗಿಲು ಕಾಣುತ್ತಿತ್ತು.

ಅವಳ ಮೇಜಿನ ಮೇಲೇ ಕೂತು ಒಪ್ಪಂದ ಬರೆದೆ. ಪೂರ್ವಕ್ಕೆ ಡೋರಿಸ್‌ರವರ ಮನೆ, ಪಶ್ಚಿಮಕ್ಕೆ ಕಬ್ಬಿಣದ ಗೂಟ, ಉತ್ತರಕ್ಕೆ ಬೀದಿ, ದಕ್ಷಿಣಕ್ಕೆ ಸೇಬಿನ ಮರ, ಈ ಮಧ್ಯೆ ಇರುವ ಗ್ಯಾರೇಜು ಸೂರ್ಯಚಂದ್ರರಿರುವ ತನಕ ಹಾಗೇ ಇರತಕ್ಕದ್ದು. ಡೋರಿಸಮ್ಮ ಒಂದು ಷರತ್ತು ಹಾಕಿದಳು: ತನ್ನ ಗಂಡನ ಏಣಿ ಆ ಗ್ಯಾರೇಜಿನಲ್ಲಿದೆ, ಅದನ್ನು ಯಾರೂ ತೆಗೆಯಕೂಡದು. ಅದನ್ನೂ ಬರೆದೆ. ವಕೀಲೆ ಅದನ್ನು ಓದಿ, ತಮ್ಮ ಭಾಷೆಯಲ್ಲಿ ಬೇರೆಯೇ ಟೈಪು ಮಾಡಿಸಿದರು. ಸೂರ್ಯಚಂದ್ರರನ್ನು ತೆಗೆದರು, ಏಣಿಯನ್ನು ಉಳಿಸಿದರು. ವಿಮೆಯವರೂ ಒಪ್ಪಿದರು. ಗ್ಯಾರೇಜಿನ ಎರಡಡಿಯನ್ನು ಮಾತ್ರ ವಿಮೆಯಿಂದ ಹೊರಗಿಟ್ಟರು, ಅದಕ್ಕೆ ಡೋರಿಸಮ್ಮನ ಸಹಿಯೇ ವಿಮೆ.

ಶುಕ್ರವಾರ ಮಂಗಳಾ ಸಹಿ ಹಾಕಿದಳು. ಬೀಗದ ಕೈ ಕೈಗೆ ಬಂದಾಗ ಅವಳು ಅದನ್ನು ನನಗೆ ಕೊಟ್ಟು, "ನೀವೇ ತೆಗೀರಿ ಮಾವ" ಎಂದಳು. ನನಗೆ ಕಣ್ಣು ಮಂಜಾಗಿ ಕೀಲಿಯ ತೂತು ಕಾಣಲಿಲ್ಲ. ಚಳಿಗೆ ಹಾಗಾಗುತ್ತದೆ ಎಂದೆ. ಅವಳು ನಂಬಿದಳೋ ಇಲ್ಲವೋ.

ಹೂಟಗಳ್ಳಿ

ಊರಿಗೆ ಬಂದವನು ಟೀವಿಯನ್ನು ಕೆಳಗಿಳಿಸಿ ಮೇಜು ಒರೆಸಿದೆ. ಇಡೀ ದಿನ ಕೂತು, ಮುತ್ತಿನಂಥ ಅಕ್ಷರದಲ್ಲಿ ವಿಭಾಗಪತ್ರದ ಕರಡು ಬರೆದೆ. ಮುಂದಿನ ಅರ್ಧ ನನಗೆ, ಬಾವಿ ಇರುವ ಹಿಂದಿನ ಅರ್ಧ ಅಕ್ಕನಿಗೆ, ನಡುಮನೆಯ ಹೊಸ್ತಿಲು ಗಡಿ, ಉದ್ದ ಇಷ್ಟು, ಅಗಲ ಇಷ್ಟು. ಕಚೇರಿಯಲ್ಲಿ ಟೈಪು ಮಾಡಿಸಿ ನೋಂದಾಯಿಸುವುದು ಆಮೇಲಿನ ಕೆಲಸ, ಕರಡು ನನ್ನ ಕೈಯದೇ ಇರಲಿ ಅನಿಸಿತು. ಅದನ್ನು ತೆಗೆದುಕೊಂಡು ಬಸ್ಸು ಹತ್ತಿ ಹೂಟಗಳ್ಳಿಗೆ ಹೋದೆ.

ಅಕ್ಕ ಕಾಫಿ ಕೊಟ್ಟಳು. ಮಗಳ ಮನೆಯ ಫೋಟೊಗಳನ್ನು ಒಂದೊಂದಾಗಿ ನೋಡಿದಳು, ಬಾಯಿ ತೆರೆದ ನನ್ನ ಫೋಟೊ ನೋಡಿ ನಕ್ಕಳು. ಆಮೇಲೆ ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆತನಕ ಓದಿದಳು. ಮತ್ತೊಂದು ಸಲ ಓದಿದಳು.

"ಇದ್ರಲ್ಲಿ ನನ್ ಪಾಲದೆ ಅಂತ ನಿನ್ಗೆ ಯಾವತ್ತಿಂದ ಗೊತ್ತಿತ್ತೋ?"

"ಅಪ್ಪ ಹೋದ ದಿವ್ಸದಿಂದ ಅಕ್ಕ."

"ನನ್ಗೂ ಅವತ್ತಿಂದ್ಲೇ ಗೊತ್ತಿತ್ತು ಕಣೋ" ಎಂದಳು.

ಬೈದಿದ್ದರೆ ಹಗುರಾಗುತ್ತಿತ್ತು. ಅಕ್ಕ ಎದ್ದು ಸೀರೆ ಬದಲಿಸಿಕೊಂಡು ಬಂದಳು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗಕ್ಕ?"

"ಲಷ್ಕರ್ ಮೊಹಲ್ಲಾಕ್ಕೆ. ಟೇಪ್ ಮನೇಲದೆ ತಾನೆ? ಅಳ್ದು ನೋಡ್ದೆ ಸಹಿ ಹಾಕ್ಬ್ಯಾಡಿ ಅಂತ ಊರಿಗೆಲ್ಲಾ ಹೇಳ್ದೋನು ನೀನೇ ಅಲ್ವಾ?"

ಮನೆಗೆ ಬಂದು ಟೇಪಿನ ಒಂದು ತುದಿಯನ್ನು ಅವಳೇ ಹಿಡಿದು ಬಾವಿಯ ಹಿಂದಿನ ಗೋಡೆಗೆ ಒತ್ತಿ ನಿಂತಳು. ಇನ್ನೊಂದು ತುದಿಯನ್ನು ನಾನು ನಡುಮನೆಯ ಹೊಸ್ತಿಲ ತನಕ ಎಳೆದೆ. ಓದಿದೆ. ಮತ್ತೆ ಓದಿದೆ. ಕಾಗದ ನೋಡಿದೆ.

"ಎಷ್ಟದೆ?" ಎಂದಳು ಅಲ್ಲಿಂದಲೇ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅಲ್ಲಿಂದ ಅವಳಿಗೆ ಅಂಕಿ ಕಾಣುತ್ತಿರಲಿಲ್ಲ.

"ನಿನ್ ಪಾಲು ಎರಡಡಿ ಕಮ್ಮಿ ಬರ್ದ್ಬುಟ್ಟಿದೀನಿ ಅಕ್ಕ."

ಅದು ಕೈತಪ್ಪೋ, ಇಪ್ಪತ್ತೆರಡು ವರ್ಷದ ಅಭ್ಯಾಸವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಜೇಬಿನಿಂದ ಪೆನ್ನು ತೆಗೆದು ಅಂಕಿಯನ್ನು ತಿದ್ದಲು ಹೋದೆ.

"ತಿದ್ಬ್ಯಾಡ" ಎಂದಳು ಅಕ್ಕ, ಬಾವಿಕಟ್ಟೆಯ ಮೇಲೆ ಆರಾಮಾಗಿ ಕೂರುತ್ತ. "ಹೊಸ್ದಾಗಿ ಬರಿ. ನಾನ್ ಇಲ್ಲೇ ಕೂತಿರ್ತೀನಿ."